29 ಇಂಚಿನ ಸೈಕಲ್ ಗಾಲಿ ಬೂಟಿಗೆ ಬಡಿಯುತ್ತಿದೆ, 27.5ಕ್ಕೆ ಹೋಗಲೇ?

ಕೋಥ್ರೂಡ್_ಸವಾರಿ
ಎಲ್ಲರಿಗೂ ನಮಸ್ಕಾರ. ಊರು ಗದಗ, ಆರು ವರ್ಷದಿಂದ ಪುಣೆ. ಇಷ್ಟು ದಿನ 26 ಇಂಚು ಗಾಲಿಯ ಹಳೆ ಎಂಟಿಬಿ (ಮೌಂಟನ್ ಬೈಕ್) ತುಳಿಯುತ್ತಿದ್ದೆ, ಕಳೆದ ತಿಂಗಳು ಸೆಕೆಂಡ್ ಹ್ಯಾಂಡ್ 29 ತಗೊಂಡೆ. ಅಲ್ಯೂಮಿನಿಯಂ ಫ್ರೇಮ್, ಸೈಜ್ ಎಸ್, ಡಿಸ್ಕ್ ಬ್ರೇಕ್, ಟಯರ್ 2.2 ಇಂಚು ದಪ್ಪ, ಮುಂದೆ 34 ಹಲ್ಲಿನ ಒಂದೇ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲುಚಕ್ರ). ನನ್ನ ಎತ್ತರ 5 ಅಡಿ 2 ಇಂಚು.

ಇಳಿಜಾರಿನಲ್ಲಿ ಸೂಪರ್. 26ರಲ್ಲಿ ಹಲ್ಲು ಕಟಕಟ ಅನ್ನಿಸುತ್ತಿದ್ದ ಕಲ್ಲುಗಳ ಮೇಲೆ ಇದು ಸುಮ್ನೆ ಉರುಳಿಕೊಂಡು ಹೋಗುತ್ತದೆ. ಆದರೆ ಇಲ್ಲಿನ ವೇತಾಳ ಟೇಕಡಿ (ಗುಡ್ಡ) ಹತ್ತುವಾಗ ಇಕ್ಕಟ್ಟಾದ ತಿರುವು ಬಂತು ಅಂದರೆ ಬೂಟಿನ ತುದಿ ಮುಂದಿನ ಟಯರಿಗೆ ತಾಗುತ್ತದೆ. ಎರಡು ಸಲ ಬಿದ್ದೆ. ಎರಡನೇ ಸಲ ಜಾಲಿ ಗಿಡದ ಮೇಲೆ, ಆ ಕತೆ ಬೇಡ. ಏರು ಹತ್ತುವುದೂ ಮೊದಲಿಗಿಂತ ಭಾರ.

ಅಂಗಡಿಯವರು "ಹೈಟ್ ಕಮ್ಮಿ, ಇದನ್ನು ಮಾರಿ 27.5 ತಗೊಳ್ಳಿ" ಅಂದರು. ಗೆಳತಿ ಹೇಳುವುದು, ಡಿಸ್ಕ್ ಬ್ರೇಕ್ ಇದೆಯಲ್ಲ, ಇದೇ ಫ್ರೇಮಿಗೆ 27.5 ಗಾಲಿ ಹಾಕಿಸು, ಖರ್ಚು ಅರ್ಧ. ಯಾವುದು ಸರಿ?

ಧಾರವಾಡ_ಪೇಡೆ
ಅಣ್ಣಾ, ಗಾಲಿ ಬದಲಿಸುವ ಐಡಿಯಾ ಬಿಡಿ. ಡಿಸ್ಕ್ ಬ್ರೇಕ್ ರಿಮ್ಮನ್ನು ಹಿಡಿಯುವುದಿಲ್ಲ, ಆದ್ದರಿಂದ ಸಣ್ಣ ಗಾಲಿ ಕೂರುತ್ತದೆ ಅನ್ನುವುದು ನಿಜ, ಆಕ್ಸಲ್ (ಅಚ್ಚು) ಅಳತೆ ಹೊಂದಿದರೆ ಸಾಕು. ತೊಂದರೆ ಬೇರೆ ಕಡೆ ಇದೆ. 29ರ ರಿಮ್‌ನಲ್ಲಿ ಟಯರ್ ಕೂರುವ ಜಾಗದ ಅಡ್ಡಳತೆ 622 ಮಿ.ಮೀ., 27.5ರದ್ದು 584. ವ್ಯತ್ಯಾಸ 38, ಅದರ ಅರ್ಧ 19. ಅಂದರೆ ಅಷ್ಟೇ ದಪ್ಪದ ಟಯರ್ ಹಾಕಿದರೆ ಪೆಡಲ್ ಸುಮಾರು ಎರಡು ಸೆಂಟಿಮೀಟರ್ ನೆಲಕ್ಕೆ ಹತ್ತಿರ ಬರುತ್ತದೆ. ನಮ್ಮ ಟೇಕಡಿಯ ಕರಿಕಲ್ಲಿನ ಮಧ್ಯೆ ಎರಡು ಸೆಂಟಿಮೀಟರ್ ಅಂದರೆ ಏನು ಅಂತ ನಿಮಗೇ ಗೊತ್ತು. ಇವತ್ತು ಬೂಟು ಟಯರಿಗೆ ತಾಗುತ್ತಿದೆ, ನಾಳೆ ಪೆಡಲ್ ಕಲ್ಲಿಗೆ ಬಡಿಯುತ್ತದೆ, ಬೀಳುವುದು ಮಾತ್ರ ತಪ್ಪಲ್ಲ.

2.8 ದಪ್ಪದ ಟಯರ್ ಹಾಕಿದರೆ 27.5ರ ಗಾಲಿಯೂ ಹೆಚ್ಚುಕಮ್ಮಿ 29ರಷ್ಟೇ ಎತ್ತರ ಆಗುತ್ತದೆ. ಆದರೆ ಹಳೆ ಫ್ರೇಮಿನ ಹಿಂದೆ ಅಷ್ಟು ಜಾಗ ಎಲ್ಲಿ? ಮಳೆಗಾಲದ ಎರೆಮಣ್ಣು ಮೆತ್ತಿಕೊಂಡರೆ ಗಾಲಿ ತಿರುಗುವುದೇ ಇಲ್ಲ.

ಕೋಥ್ರೂಡ್_ಸವಾರಿ
ಅಣ್ಣ ಅಲ್ಲ, ಅಕ್ಕ 🙂 ಗಾಲಿ ವಿಷಯ ಅರ್ಥ ಆಯಿತು. ಹಾಗಾದರೆ ಬೂಟಿಗೆ ಏನು ಮಾಡಲಿ?

ಮಡಗಾಂವ್_ಗಾಲಿ
ಅಕ್ಕಾ, ಪೆಡಲ್ ಮೇಲೆ ಕಾಲು ಎಲ್ಲಿಡುತ್ತೀರಿ ನೋಡಿ. ಬಹಳ ಜನ ಪಾದದ ನಡುಭಾಗ ಇಡುತ್ತಾರೆ, ಆಗ ಬೆರಳು ಮುಂದಕ್ಕೆ ಚಾಚಿಕೊಂಡಿರುತ್ತದೆ. ಹೆಬ್ಬೆರಳ ಬುಡದ ಉಬ್ಬು ಪೆಡಲ್ ಆಕ್ಸಲ್ ಮೇಲೆ ಬರುವ ಹಾಗೆ ಹಿಂದಕ್ಕೆ ಎಳೆದುಕೊಳ್ಳಿ, ಎರಡು ಮೂರು ಸೆಂಟಿಮೀಟರ್ ಉಳಿಯುತ್ತದೆ. ಟ್ರೆಕ್ಕಿಂಗ್ ಬೂಟಾದರೆ ಅದನ್ನೂ ಬದಲಿಸಿ, ಅದರ ಮೂತಿಯೇ ಒಂದು ಸೆಂಟಿಮೀಟರ್ ತಿನ್ನುತ್ತದೆ.

ಇನ್ನೊಂದು. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಟಯರಿನ ಹಿಂಭಾಗ ಬಲಕ್ಕೆ ಬರುತ್ತದೆ, ಬಲಗಾಲು ಆಗ ಮುಂದಿದ್ದರೆ ತಾಗುತ್ತದೆ. ಇಕ್ಕಟ್ಟಾದ ತಿರುವಿನಲ್ಲಿ ಪೂರ್ತಿ ಸುತ್ತು ತುಳಿಯಬೇಡಿ. ಒಳಗಿನ ಕಾಲು ಮುಂದಿಟ್ಟು ಅರ್ಧರ್ಧ ತುಳಿಯಿರಿ, ಹಿಂದಕ್ಕೆ ತಿರುಗಿಸಿ ಮತ್ತೆ ಅರ್ಧ. ಇಲ್ಲಿ ಗೋವಾದ ಜಂಬಿಟ್ಟಿಗೆ ದಾರಿಯಲ್ಲಿ ನಾನು ಇದನ್ನು ಕಲಿಯೋ ಹೊತ್ತಿಗೆ ಎರಡು ಮೊಣಕಾಲೂ ಕೆಂಪು, ಮಣ್ಣಿನದೋ ರಕ್ತದ್ದೋ ಗೊತ್ತಾಗುತ್ತಿರಲಿಲ್ಲ.

ಏರು ಭಾರ ಆಗುವುದಕ್ಕೆ ಕಾರಣ ನೇರ ಲೆಕ್ಕ. ನಿಮ್ಮ 26ಕ್ಕಿಂತ ಈ ಗಾಲಿ ಒಂದು ಸುತ್ತಿಗೆ ಸುಮಾರು ಶೇ. 10 ಜಾಸ್ತಿ ದೂರ ಹೋಗುತ್ತದೆ. 34 ಹಲ್ಲಿನ ಚೈನ್‌ರಿಂಗ್ ಹಳೆ ಸೈಕಲ್ಲಿನಲ್ಲಿ 37 ಹಾಕಿದ ಹಾಗೆ. ಕ್ರ್ಯಾಂಕಿನ (ಪೆಡಲ್ ತೋಳಿನ) ಬೋಲ್ಟ್ ತೂತುಗಳ ಅಳತೆ ನೋಡಿಕೊಂಡು 30 ಹಲ್ಲಿನದು ಹಾಕಿಸಿ. ಇದಕ್ಕೆ ಸೈಕಲ್ ಮಾರಬೇಕಾ?

ಠಾಣೆ_ಟ್ಯೂಬ್
ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. 29 ದೊಡ್ಡ ಗಾಲಿ ಅಂತ ಹೆದರುವವರು ಅಪ್ಪನ ಕಾಲದ ಕರಿ ಸೈಕಲ್ ನೆನಪಿಸಿಕೊಳ್ಳಿ. ಅದರ 28 x 1½ ರಿಮ್ 635 ಮಿ.ಮೀ., ಅಂದರೆ 29ಕ್ಕಿಂತ ದೊಡ್ಡದು! ನಾವೆಲ್ಲ ಒಳಪೆಡಲ್ ಹೊಡೆದು ಕಲಿತದ್ದು ಅದರಲ್ಲೇ. ಈ ಇಂಚಿನ ಹೆಸರುಗಳನ್ನು ನಂಬಿ ಕೆಡಬೇಡಿ. ನಾನೊಮ್ಮೆ ಎಂಟಿಬಿಗೆ ಅಂತ 26 x 1⅜ ಟಯರ್ ತಂದೆ, ಅದು 590, ನನ್ನ ರಿಮ್ 559. ಬಳೆ ಹಾಗೆ ಜಾರಿ ಬಂತು. ಟಯರ್ ಪಕ್ಕದಲ್ಲಿ ಬರೆದ ಮಿಲಿಮೀಟರ್ ಓದಿ, ಅಷ್ಟೇ.

ಧಾರವಾಡ_ಪೇಡೆ
ಅಕ್ಕಾ, ಕ್ಷಮಿಸಿ 🙏 ರಾತ್ರಿ ಮತ್ತೆ ಯೋಚನೆ ಮಾಡಿದೆ. ಎಸ್ ಸೈಜಿನ ಹಳೆ 29ರಲ್ಲಿ ಬೂಟು ಸ್ವಲ್ಪ ತಾಗುವುದು ಇದೆ, ಆದರೆ ಎಂಟಿಬಿಯಲ್ಲಿ ಬೀಳುವಷ್ಟು ತಾಗುವುದು ಕಮ್ಮಿ. ಸೆಕೆಂಡ್ ಹ್ಯಾಂಡ್ ಬೇರೆ. ಎದುರಿಗೆ ಗುದ್ದಿದ ಸೈಕಲ್ ಇರಬಹುದಾ? ಗುದ್ದಿದರೆ ಫೋರ್ಕ್ (ಮುಂದಿನ ಗಾಲಿ ಹಿಡಿದಿರುವ ಕವಲು) ಹಿಂದಕ್ಕೆ ಬಾಗುತ್ತದೆ, ಮುಂದಿನ ಗಾಲಿ ಕಾಲಿನ ಹತ್ತಿರ ಬರುತ್ತದೆ. ಸೈಕಲ್ ಗೋಡೆಗೆ ಒರಗಿಸಿ ಪಕ್ಕದಿಂದ ನೋಡಿ. ಫೋರ್ಕ್ ಕಾಲುಗಳು ಹೆಡ್‌ಟ್ಯೂಬಿನ (ಹ್ಯಾಂಡಲ್ ಕೆಳಗಿನ ಗಿಡ್ಡ ಪೈಪಿನ) ಗೆರೆಯಲ್ಲೇ ಇಳಿಯಬೇಕು. ಆಮೇಲೆ ಹೆಡ್‌ಟ್ಯೂಬಿನ ಹಿಂದೆ, ಕೆಳಗಿನ ಪೈಪಿನ ಅಡಿಭಾಗಕ್ಕೆ ಬೆರಳು ಆಡಿಸಿ. ಬಣ್ಣ ಸುಕ್ಕುಗಟ್ಟಿದೆಯಾ, ಉಬ್ಬು ಸಿಗುತ್ತದಾ? ನೋಡುವ ತನಕ ಟೇಕಡಿಗೆ ಹೋಗಬೇಡಿ.

ಕೋಥ್ರೂಡ್_ಸವಾರಿ
ಸುಕ್ಕು ಇದೆ. ಅದರ ಮೇಲೆ ಸ್ಟಿಕರ್ ಅಂಟಿಸಿದ್ದರು! ಕಿತ್ತು ನೋಡಿದರೆ ಉಗುರಿನಷ್ಟು ಉದ್ದದ ಎರಡು ಮಡಿಕೆ. ಫೋರ್ಕ್ ಕೂಡ ಹಿಂದಕ್ಕಿದೆ, ಫೋಟೋದಲ್ಲಿ ಸ್ಕೇಲ್ ಇಟ್ಟು ನೋಡಿದೆ. ಮಾರಿದವರು ಈಗ ಫೋನ್ ಎತ್ತುತ್ತಿಲ್ಲ. ಇದನ್ನು ಬಡಿದು ನೆಟ್ಟಗೆ ಮಾಡಿಸಬಹುದಾ?

ಧಾರವಾಡ_ಪೇಡೆ
ಬೇಡವೇ ಬೇಡ. ಅಲ್ಯೂಮಿನಿಯಂ ಒಮ್ಮೆ ಮಡಚಿದರೆ ನೆಟ್ಟಗೆ ಮಾಡುವಾಗ ಇನ್ನೂ ಸೋಲುತ್ತದೆ, ಬಿರುಕು ಅಲ್ಲೇ ಶುರು. ಇಳಿಜಾರಿನಲ್ಲಿ ಹೆಡ್‌ಟ್ಯೂಬ್ ಕಿತ್ತು ಬಂದರೆ ಜಾಲಿ ಗಿಡ ಎಷ್ಟೋ ವಾಸಿ. ಗಾಲಿ, ಬ್ರೇಕ್, ಕ್ರ್ಯಾಂಕ್ ಬಿಚ್ಚಿಟ್ಟುಕೊಳ್ಳಿ, ಫ್ರೇಮ್ ಮತ್ತು ಫೋರ್ಕ್ ಗುಜರಿಗೆ.

ಕೋಥ್ರೂಡ್_ಸವಾರಿ
ಸರಿ. ಮನಸ್ಸು ಕೆಟ್ಟಿದೆ, ಆದರೆ ಸರಿ. ಹಾಗಾದರೆ ಮೊದಲಿನ ಪ್ರಶ್ನೆಗೇ ಬರುತ್ತೇನೆ. ಹೊಸದು ತಗೊಳ್ಳುವುದಾದರೆ 29ಆ, 27.5ಆ?

ಮಡಗಾಂವ್_ಗಾಲಿ
2012ರ ಲಂಡನ್ ಒಲಿಂಪಿಕ್ಸ್‌ನ ಎಂಟಿಬಿ ರೇಸಿನಲ್ಲಿ ಚೆಕ್ ಸವಾರ ಕುಲ್ಹಾವಿ 29ರಲ್ಲಿ ಚಿನ್ನ ಗೆದ್ದರು, ಸ್ವಿಸ್ ಸವಾರ ಶುರ್ಟರ್ 27.5ರಲ್ಲಿ ಬೆಳ್ಳಿ. ಅಂತರ ಒಂದೇ ಸೆಕೆಂಡು. ಅವರಿಗೇ ತೀರ್ಮಾನ ಆಗಲಿಲ್ಲ, ನಾವೇನು ಹೇಳೋಣ.

ಆದರೆ 5 ಅಡಿ 2 ಇಂಚಿಗೆ ನನ್ನ ಮತ 27.5. ಟ್ರೆಕ್ ಕಂಪನಿಯ ಮಾರ್ಲಿನ್ ನೋಡಿ, ಎಕ್ಸ್‌ಎಸ್, ಎಸ್ ಸೈಜಿಗೆ 27.5 ಗಾಲಿ, ದೊಡ್ಡ ಸೈಜುಗಳಿಗೆ 29. ಸಣ್ಣ ಫ್ರೇಮಿನೊಳಗೆ ದೊಡ್ಡ ಗಾಲಿ ತುರುಕಿದರೆ ಹ್ಯಾಂಡಲ್ ಎತ್ತರ ಆಗುತ್ತದೆ, ಏರಿನಲ್ಲಿ ಮುಂದಿನ ಗಾಲಿ ಅಲ್ಲಾಡುತ್ತದೆ. 29ರ ಉರುಳಾಟ ಅಷ್ಟು ಹಿಡಿಸಿದ್ದರೆ ಹೆಡ್ ಆಂಗಲ್ (ಹೆಡ್‌ಟ್ಯೂಬಿನ ಓರೆ) 67, 68 ಡಿಗ್ರಿ ಇರುವ ಹೊಸ ಫ್ರೇಮ್ ನೋಡಿ, ಹಳೆಯವು 71ರ ಆಸುಪಾಸು ಇರುತ್ತಿದ್ದವು. ಡಿಗ್ರಿ ಇಳಿದ ಹಾಗೆ ಗಾಲಿ ಕಾಲಿನಿಂದ ಮುಂದಕ್ಕೆ ಹೋಗುತ್ತದೆ.

ಕೋಥ್ರೂಡ್_ಸವಾರಿ
ಅಪ್‌ಡೇಟ್. ಎರಡು ಭಾನುವಾರ ಎರಡು ಸೈಕಲ್ ಕೇಳಿ ತಂದು ಪಾಷಾಣ್ ಟೇಕಡಿಯಲ್ಲಿ ಹೊಡೆದೆ. ಹೊಸ 29ರಲ್ಲಿ ಬೂಟು ತಾಗಲೇ ಇಲ್ಲ! ಇಳಿಯುವಾಗ ಅದೇ ಖುಷಿ. ಆದರೂ 27.5 ತಗೊಂಡೆ. ತಿರುವಿನಲ್ಲಿ ಅದನ್ನು ನಾನು ತಿರುಗಿಸುತ್ತಿದ್ದೇನೆ ಅನ್ನಿಸಿತು, 29 ನನ್ನನ್ನು ತಿರುಗಿಸುತ್ತಿತ್ತು. ಟಯರ್ 2.4, ನನ್ನ 54 ಕೆ.ಜಿ. ತೂಕಕ್ಕೆ ಗಾಳಿ 24 ಪಿಎಸ್‌ಐ, ಟ್ಯೂಬ್‌ಲೆಸ್ ಮಾಡಿಸಿದ್ದೇನೆ, ಜಾಲಿ ಮುಳ್ಳಿಗೆ. ಹಳೆ 29ರ ಗಾಲಿಗಳು ಬಾಲ್ಕನಿಯಲ್ಲಿವೆ, ಯಾರಿಗಾದರೂ ಬೇಕಾ? ಮುಂದಿನದರಲ್ಲಿ ಸ್ವಲ್ಪ ಅಲುಗಾಟ ಇದೆ, ಮೊದಲೇ ಹೇಳಿಬಿಡುತ್ತೇನೆ.

ಠಾಣೆ_ಟ್ಯೂಬ್
ಹಿಂದಿನದು ನನಗಿರಲಿ ಅಕ್ಕಾ. 622 ಅಲ್ವಾ, ನನ್ನ 700ಸಿ ಹೈಬ್ರಿಡ್ ಸೈಕಲ್ಲಿನ ರಿಮ್ಮೂ ಅಷ್ಟೇ, ಅದಕ್ಕೆ ನಡೆಯುತ್ತದೆ. ಶನಿವಾರ ಬಂದು ಒಯ್ಯುತ್ತೇನೆ. ಆಕ್ಸಲ್ ಕ್ವಿಕ್ ರಿಲೀಸ್ (ಲಿವರ್ ಎಳೆದು ಬಿಚ್ಚುವುದು), ಅಗಲ 135 ಮಿ.ಮೀ. ತಾನೇ? ಸ್ಕೇಲ್ ಹಿಡಿದು ನೋಡಿ ಹೇಳಿ.