ಪದಚರ್ಚೆ: ಹಾಜರಿ ಆ್ಯಪ್‌ನ ಗುಂಡಿಗಳಿಗೆ ಪದ ಬೇಕು (ತುರ್ತು)

ಹಾಸನದಿಂದ:

ಗೆಳೆಯರೇ, ಕಟ್ಟಡ ಕೆಲಸದವರ ಸಮಯವನ್ನು ದಾಖಲಿಸುವ ಮೊಬೈಲ್ ಆ್ಯಪ್ ಒಂದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆಯೊಳಗೆ ಪದಗಳನ್ನು ಕೊಡಬೇಕು. ನಾಡಿದ್ದು ಬಿ.ಎಂ. ರಸ್ತೆಯ ಕಡೆ ಏಳುತ್ತಿರುವ ಒಂದು ಕಟ್ಟಡದಲ್ಲಿ ಅದರ ಪರೀಕ್ಷೆ.

ಗಾರೆಯವರು, ಕೈಯಾಳುಗಳು, ಕಂಬಿ ಕಟ್ಟುವವರು ನೋಡುವ ಪರದೆ ಒಂದು. ಮೇಸ್ತ್ರಿ ಮತ್ತು ಸೈಟ್ ಎಂಜಿನಿಯರ್ ನೋಡುವ ಪರದೆ ಇನ್ನೊಂದು. ಮೊದಲನೆಯದರಲ್ಲಿ ದೊಡ್ಡ ಗುಂಡಿಗಳು ಎರಡೇ: ಬೆಳಿಗ್ಗೆ ಒತ್ತುವುದು, ಸಂಜೆ ಒತ್ತುವುದು. ಈಗ ಅವುಗಳ ಮೇಲೆ ‘ಗಡಿಯಾರ ಒಳಗೆ’, ‘ಗಡಿಯಾರ ಹೊರಗೆ’ ಎಂದಿದೆ. ‘ಕ್ಲಾಕ್ ಇನ್’, ‘ಕ್ಲಾಕ್ ಔಟ್’ಗಳಿಗೆ ಯಂತ್ರಾನುವಾದದ ಕೃಪೆ. ‘ಕೆಲಸ ಹಿಡಿದೆ’, ‘ಕೆಲಸ ಬಿಟ್ಟೆ’ ಎಂದು ಬದಲಿಸಿ ಕೊಟ್ಟರೆ ಎಂಜಿನಿಯರ್ ನಕ್ಕರು. ದಿನವೂ ಸಂಜೆ ಐದೂವರೆಗೆ ಎಲ್ಲರೂ ರಾಜೀನಾಮೆ ಕೊಟ್ಟಂತೆ ಕಾಣುತ್ತದೆಯಂತೆ. ಓವರ್‌ಟೈಮ್‌ಗೂ ಒಂದು ಪದ ಬೇಕು. ಆ್ಯಪ್‌ಗೆ ಸದ್ಯಕ್ಕಿರುವ ಹೆಸರು ‘ಸಮಯ ನಿಗಾ’. ಅದೂ ಹಿಡಿಸುತ್ತಿಲ್ಲ.

ಯಾರೂ ನಿಂತು ಓದುವುದಿಲ್ಲ, ಕೈಯಲ್ಲಿ ಸಿಮೆಂಟ್ ಇರುತ್ತದೆ. ಗುಂಡಿಯ ಮೇಲೆ ಎರಡು ಪದ ಮೀರಬಾರದು.

ಬೇಲೂರಿನಿಂದ:

ಸಮಯ ಸಂಸ್ಕೃತ, ನಿಗಾ ಪಾರಸಿ. ನೀವು ವಿಷಯದ ಸಾಲಿನಲ್ಲಿ ಬರೆದಿರುವ ಹಾಜರಿ ಅರಬಿ. ಕನ್ನಡದ್ದೇ ಆದ ‘ಹೊತ್ತು’ ಇರುವಾಗ ಈ ಭಿಕ್ಷೆ ಏಕೆ? ಪೊಳ್ತು, ಪೊತ್ತು, ಹೊತ್ತು: ಹಳಗನ್ನಡದಿಂದ ಇಂದಿನವರೆಗೆ ಕೊಂಡಿ ಕಳಚದೆ ಬಂದಿರುವ ಪದ. ಒಪ್ಪೊತ್ತು, ಮುಪ್ಪೊತ್ತು, ಹೊತ್ತಾರೆ ಎಲ್ಲವೂ ಅದರ ಬಳಗವೇ. ಆ್ಯಪ್‌ಗೆ ‘ಹೊತ್ತುಹೊತ್ತಗೆ’ ಎಂದು ಹೆಸರಿಡಿ. ಓವರ್‌ಟೈಮ್‌ಗೆ ‘ಮಿಗಿಹೊತ್ತು’. ಗುಂಡಿಗಳಿಗೆ ‘ತೊಡಗು’, ‘ಮುಗಿಸು’. ಇದರಲ್ಲಿ ಚರ್ಚಿಸುವುದೇನೂ ಇಲ್ಲ.

ಚಿಕ್ಕಮಗಳೂರಿನಿಂದ:

ಹೊತ್ತಗೆ ‘ಪುಸ್ತಕ’ದ ತದ್ಭವ. ಮುಂದಕ್ಕೆ ಹೋಗೋಣ.

‘ತೊಡಗು’ ವಿಧ್ಯರ್ಥದ ಏಕವಚನ. ಕೆಲಸಗಾರರು ಫೋನಿಗೆ ಹೇಳುತ್ತಿದ್ದಾರೋ, ಫೋನು ಕೆಲಸಗಾರರಿಗೆ ಅಪ್ಪಣೆ ಕೊಡುತ್ತಿದೆಯೋ? ಐವತ್ತು ದಾಟಿದ ಗಾರೆಯವರೊಬ್ಬರಿಗೆ ಬೆಳಿಗ್ಗೆ ಎಂಟಕ್ಕೇ ಗುತ್ತಿಗೆದಾರರ ಆ್ಯಪ್ ‘ತೊಡಗು’ ಎಂದರೆ ಅವರು ಫೋನನ್ನು ಕಲಸಿದ ಗಾರೆಗೇ ಹಾಕಿಯಾರು. ‘ಬಂದೆ’ ಎಂದು ಬರೆಯೋಣವೆಂದರೆ ಅಲ್ಲಿಯೂ ತೊಡಕಿದೆ. ನಾನೂ ಬಂದೆ, ನೀನೂ ಬಂದೆ, ರೂಪ ಒಂದೇ.

‘ಬಿಟ್ಟೆ’ಯ ಬಗ್ಗೆ ಎಂಜಿನಿಯರ್ ನಕ್ಕಿದ್ದು ಸರಿ, ಆದರೆ ದೋಷ ಧಾತುವಿನದಲ್ಲ, ಕರ್ತೃವಿನದು. ‘ಶಾಲೆ ಬಿಟ್ಟಿತು’ ಎಂದರೆ ಮಕ್ಕಳು ನಾಳೆ ಮತ್ತೆ ಬರುತ್ತಾರೆ, ‘ಹುಡುಗ ಶಾಲೆ ಬಿಟ್ಟ’ ಎಂದರೆ ಬರುವುದಿಲ್ಲ. ಇಲ್ಲಿಯೂ ಕೆಲಸವನ್ನೇ ಕರ್ತೃ ಮಾಡಿ: ‘ಕೆಲಸ ಶುರುವಾಯಿತು’, ‘ಕೆಲಸ ಮುಗಿಯಿತು’. ಒತ್ತಿದವರು ಗಂಡೋ ಹೆಣ್ಣೋ, ಹಿರಿಯರೋ ಕಿರಿಯರೋ ಎಂಬ ಚಿಂತೆ ಇರುವುದಿಲ್ಲ.

ಬೇಲೂರಿನಿಂದ:

ಶುರು ಅರಬಿ.

ಮೂಡಿಗೆರೆಯಿಂದ:

ಕಾಫಿ ತೋಟದಲ್ಲಿ ಬಹುಕಾಲ ರೈಟರ್ ಆಗಿದ್ದವನು ನಾನು. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಬರೆದು ಬಟವಾಡೆ ಮಾಡಿದ ಅನುಭವದಿಂದ ಹೇಳುತ್ತಿದ್ದೇನೆ. ನಿಮ್ಮ ಆ್ಯಪ್ ಎಣಿಸುವುದು ಗಂಟೆಯನ್ನು, ಕೆಲಸದವರು ಎಣಿಸುವುದು ಹಾಜರಿಯನ್ನು. ಒಂದು ದಿನದ ದುಡಿಮೆ ಒಂದು ಹಾಜರಿ, ಹಾಗೆಯೇ ಅರ್ಧ ಹಾಜರಿ, ಒಂದೂವರೆ ಹಾಜರಿ. ವಾರದ ಕೊನೆಗೆ ‘46 ಗಂಟೆ 20 ನಿಮಿಷ’ ಎಂದು ತೋರಿಸಿದರೆ ನಂಬುವವರಿಲ್ಲ. ‘ಆರು ಹಾಜರಿ’ ಎಂದು ಕಾಣಬೇಕು. ಆದ್ದರಿಂದ ಆ್ಯಪ್‌ನ ಹೆಸರು ‘ಹಾಜರಿ’ ಎಂದಷ್ಟೇ ಇರಲಿ. ‘ನಿಗಾ’ ಎಂದರೆ ಕಳ್ಳರ ಮೇಲೆ ಇಡುವಂಥದ್ದು.

ಈ ಪದಕ್ಕೆ ಇನ್ನೊಂದು ಅನುಕೂಲವಿದೆ. ಈ ಕಡೆಯ ತೋಟಗಳಿಗೂ ಕಟ್ಟಡಗಳಿಗೂ ಅಸ್ಸಾಂನಿಂದ ಜನ ಬರುತ್ತಿದ್ದಾರೆ. ಅಲ್ಲಿನ ಚಹಾ ತೋಟಗಳಲ್ಲಿ ದಿನಗೂಲಿಗೆ ‘ಹಾಜಿರಾ’ ಎಂದೇ ಹೆಸರು. ಅವರಿಗೆ ಬಿಡಿಸಿ ಹೇಳಬೇಕಾಗುವುದಿಲ್ಲ. ‘ಹೊತ್ತುಹೊತ್ತಗೆ’ಯನ್ನು ಅವರಿಗಿರಲಿ, ನಮ್ಮ ಮೂಡಿಗೆರೆಯವರಿಗೂ ಬಿಡಿಸಿ ಹೇಳಬೇಕು.

ಓವರ್‌ಟೈಮ್ ಮಾತ್ರ ಹಾಜರಿಯೊಳಗೆ ಕರಗಬಾರದು. ದಿನದ ಕೆಲಸ ಎಂಟು ಗಂಟೆ ಎಂದಿಟ್ಟುಕೊಳ್ಳಿ. ಎರಡು ಗಂಟೆ ಹೆಚ್ಚು ದುಡಿದದ್ದನ್ನು ಮೇಸ್ತ್ರಿ ‘ಒಂದೂಕಾಲು ಹಾಜರಿ’ ಎಂದು ಬರೆದು ಮುಗಿಸುತ್ತಾರೆ. ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಹೆಚ್ಚುವರಿ ದುಡಿಮೆಗೆ ಎರಡರಷ್ಟು ಕೂಲಿ ಹೇಳಿತ್ತು. ಆ ಲೆಕ್ಕದಲ್ಲಿ ಅದು ಒಂದೂವರೆ ಆಗಬೇಕು. ಪದವನ್ನು ಬೇರೆ ಇಟ್ಟರೆ ಹಣವೂ ಬೇರೆಯಾಗಿ ಕಾಣುತ್ತದೆ. ಜನರ ಬಾಯಲ್ಲಿ ‘ಓಟಿ’ ಇದೆ, ಅದನ್ನೇ ಬರೆಯಿರಿ. ಅದೇ ಕಾಯ್ದೆಯಲ್ಲಿ ಕಲ್ಯಾಣ ನಿಧಿಯ ಫಲಾನುಭವಿಯಾಗಿ ನೋಂದಾಯಿಸಲು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು ಎಂದಿತ್ತು. ಒಟ್ಟು ಹಾಜರಿಯನ್ನು ಕೆಲಸಗಾರರ ಪರದೆಯಲ್ಲೇ ತೋರಿಸಿ, ಮೇಸ್ತ್ರಿಯ ಪರದೆಯಲ್ಲಿ ಮಾತ್ರವಲ್ಲ.

ಬೇಲೂರಿನಿಂದ:

ಜನರ ಬಾಯಲ್ಲಿದೆ ಎಂಬ ಒಂದೇ ನೆಪದಲ್ಲಿ ಒಂದೊಂದು ಪದವನ್ನೂ ಬಿಟ್ಟುಕೊಡುತ್ತಾ ಬಂದಿದ್ದೇವೆ. ಬಹುಕಾಲ ಮೊದಲನೆಯದೆಂದು ಹೆಸರಾಗಿದ್ದ ಕನ್ನಡ ಶಾಸನ ಸಿಕ್ಕ ಹಲ್ಮಿಡಿ ಇರುವ ತಾಲ್ಲೂಕಿನವನು ನಾನು. ಈ ಜಿಲ್ಲೆಯ ಆ್ಯಪ್‌ನಲ್ಲಿ ಅರಬಿ, ಪಾರಸಿ, ಇಂಗ್ಲಿಷ್ ಮೂರೂ ಸೇರಿ ಕನ್ನಡಕ್ಕೆ ಎಡೆ ಇಲ್ಲವೆಂದರೆ ನಾನು ಸುಮ್ಮನಿರುವುದಿಲ್ಲ.

ಚಿಕ್ಕಮಗಳೂರಿನಿಂದ:

ಹಲ್ಮಿಡಿ ಶಾಸನದ ಮೊದಲ ಪದ ‘ಜಯತಿ’. ಕನ್ನಡವೇ?

ಮೇಸ್ತ್ರಿ ಪೋರ್ಚುಗೀಸರಿಂದ ಬಂದದ್ದು. ಗುತ್ತಿಗೆ ನಮ್ಮದು, ಅದಕ್ಕೆ ಅಂಟಿದ ‘ದಾರ’ ಪಾರಸಿಯದು. ಇವರಿಬ್ಬರನ್ನೂ ಕಟ್ಟಡದಿಂದ ಇಳಿಸಿ ಎನ್ನುತ್ತೀರಾ? ಸಿಮೆಂಟಿಗೆ ಏನೆನ್ನುತ್ತೀರಿ?

ಬೇಲೂರಿನಿಂದ:

ಶಾಸನದ್ದು ಅರಸರ, ಪಂಡಿತರ ನುಡಿ. ನಾನು ಹೇಳುತ್ತಿರುವುದು ದುಡಿಯುವವರ ಕನ್ನಡ.

ಮೂಡಿಗೆರೆಯಿಂದ:

ದುಡಿಯುವವರ ಕನ್ನಡದಲ್ಲಿ ಹಾಜರಿ ಎನ್ನುತ್ತಾರೆ ಎಂದೇ ಇಷ್ಟು ಹೊತ್ತು ಬರೆದದ್ದು.

ಚನ್ನರಾಯಪಟ್ಟಣದಿಂದ:

ಜಗಳದ ನಡುವೆ ಎರಡನೆಯ ಪರದೆಯನ್ನು ಎಲ್ಲರೂ ಮರೆತಿದ್ದೀರಿ. ‘ಕಾರ್ಮಿಕ’, ‘ಮೇಲ್ವಿಚಾರಕ’ ಎಂದು ಎರಡು ಖಾತೆ ಇಡುತ್ತಾರೆ, ಗೊತ್ತಿರುವುದೇ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿಯ ಸಾಲನ್ನು ನೆನೆಯಿರಿ: ‘ಶ್ರೀ ಚಾವುಂಡರಾಜಂ ಮಾಡಿಸಿದಂ’. ಮಾಡಿದಂ ಅಲ್ಲ, ಮಾಡಿಸಿದಂ. ಕೆತ್ತಿದವರ ಹೆಸರು ಆ ಸಾಲಿನಲ್ಲಿ ಇಲ್ಲ, ಆದರೆ ಅವರು ಇದ್ದರೆಂದು ‘ಇಸು’ ಪ್ರತ್ಯಯವೇ ಸಾಕ್ಷಿ. ಸಾವಿರ ವರ್ಷದಿಂದ ಈ ವ್ಯತ್ಯಾಸ ಕ್ರಿಯಾಪದದಲ್ಲೇ ಕೂತಿರುವಾಗ ಹೊಸ ಪದ ಏಕೆ? ಒಂದು ಖಾತೆ ‘ಮಾಡುವವರು’, ಇನ್ನೊಂದು ‘ಮಾಡಿಸುವವರು’. ಬೇಲೂರಿನವರೂ ಒಪ್ಪಬಹುದು, ಇದರಲ್ಲಿ ಅರಬಿ ಇಲ್ಲ.

ಬೇಲೂರಿನಿಂದ:

ಒಪ್ಪಿದೆ.

ಹಾಸನದಿಂದ:

ಎಲ್ಲರಿಗೂ ವಂದನೆ. ಆ್ಯಪ್‌ನ ಹೆಸರು ‘ಹಾಜರಿ’ ಎಂದಾಯಿತು. ಗುಂಡಿಗಳು: ‘ಕೆಲಸ ಶುರು’, ‘ಇಂದಿಗೆ ಮುಗಿಯಿತು’. ‘ಕೆಲಸ ಮುಗಿಯಿತು’ ಎಂದರೆ ಕಟ್ಟಡವೇ ಮುಗಿದಂತಾಗುತ್ತದೆ ಎಂದು ಮೇಸ್ತ್ರಿ ಹೇಳಿದ್ದರಿಂದ ‘ಇಂದಿಗೆ’ ಸೇರಿತು. ಓಟಿಗೆ ಬೇರೆ ಸಾಲು, ಅದರ ಎದುರು ಗಂಟೆ. ಒಟ್ಟು ಹಾಜರಿ ಎರಡೂ ಪರದೆಗಳಲ್ಲಿ. ಓಟಿಯನ್ನು ಬೇರೆ ತೋರಿಸುವುದಕ್ಕೆ ಗುತ್ತಿಗೆದಾರರ ಕಡೆಯವರು ಸ್ವಲ್ಪ ಮುಖ ಸಿಂಡರಿಸಿದರು. ‘ಮಾಡಿಸುವವರು’ ಎಂಬುದನ್ನು ನೋಡಿ ಎಂಜಿನಿಯರ್, ತಾನೂ ಬಿಸಿಲಿನಲ್ಲಿ ನಿಂತು ಕೆಲಸವನ್ನೇ ಮಾಡುವುದು ಎಂದು ಮುನಿಸಿಕೊಂಡಿದ್ದಾರೆ. ಆದರೂ ಬದಲಿಸಿಲ್ಲ.

ಬೇಲೂರಿನಿಂದ:

‘ಶುರು’ ತೆಗೆದು ‘ಮೊದಲು’ ಹಾಕಿ. ಇನ್ನೂ ಹೊತ್ತಿದೆ.

ಚಿಕ್ಕಮಗಳೂರಿನಿಂದ:

‘ಕೆಲಸ ಮೊದಲು’ ಎಂದರೆ ಯಾವುದಕ್ಕಿಂತ ಮೊದಲು? ಕೂಲಿ ಆಮೇಲೆ ಎಂದೇ?