ಪದ ಬೇಕು (ತುರ್ತು): ಚಿತ್ರ ನೋಡಿ 'ರೀಸನಿಂಗ್' ಮಾಡೋದಕ್ಕೆ ಏನನ್ನಬಹುದು?

ಎಲ್ಲರಿಗೂ ನಮಸ್ಕಾರ. ಒಂದು ವಿಜ್ಞಾನ ಪ್ರದರ್ಶನದ ಫಲಕ ಅನುವಾದ ಮಾಡ್ತಾ ಇದೀನಿ, ನಾಳೆ ಸಂಜೆ ಪ್ರಿಂಟಿಗೆ ಹೋಗುತ್ತೆ, ಎಲ್ಲಾ ಮುಗಿದು ತಲೆಬರಹದಲ್ಲಿ ಒಂದೇ ಪದ ಉಳಿದಿದೆ. ನ್ಯೂರಲ್ ನೆಟ್‌ವರ್ಕಿಗೆ, ಅಂದ್ರೆ ಉದಾಹರಣೆ ನೋಡಿ ನೋಡಿ ಕಲಿಯೋ ಕಂಪ್ಯೂಟರ್ ವ್ಯವಸ್ಥೆಗೆ, ನರಜಾಲ ಅಂತ ಹಾಕಿದೀನಿ. ಅದು 'ವಿಶುವಲ್ ರೀಸನಿಂಗ್' ಕಲಿಯುತ್ತೆ ಅನ್ನೋದಕ್ಕೆ ಏನು ಬರೀಲಿ? ಚಿತ್ರ ಕ್ಲೆವರ್ ಅನ್ನೋ ದತ್ತಾಂಶದ್ದು (ಯಂತ್ರವನ್ನ ಪರೀಕ್ಷಿಸೋಕೆ ಮಾಡಿದ ಚಿತ್ರ, ಪ್ರಶ್ನೆಗಳ ಸಂಗ್ರಹ), ಬೂದು ನೆಲದ ಮೇಲೆ ಗೋಳ, ಘನ, ಸಿಲಿಂಡರ್ ಇಟ್ಟಿರ್ತಾರಲ್ಲ ಅದು. ಪ್ರಶ್ನೆ ಹೀಗಿದೆ: 'ದೊಡ್ಡ ಲೋಹದ ಗೋಳದ ಎಡಕ್ಕಿರೋ ಘನಕ್ಕೆ ಯಾವ ಬಣ್ಣವೋ ಅದೇ ಬಣ್ಣದ ವಸ್ತು ಇನ್ನೆಷ್ಟಿವೆ?' ಮೊದಲು ಗೋಳ ಹುಡುಕ್ಬೇಕು, ಅದರ ಎಡಕ್ಕೆ ನೋಡ್ಬೇಕು, ಬಣ್ಣ ನೆನಪಿಟ್ಕೊಂಡು ಉಳಿದ ಎಲ್ಲದರ ಜೊತೆ ಹೋಲಿಸಿ ಎಣಿಸ್ಬೇಕು. ದೃಶ್ಯತರ್ಕ, ದೃಶ್ಯಾನುಮಾನ ಎರಡೂ ಬರೆದು ಹೊಡೆದುಹಾಕಿದೀನಿ, ಹಿಡಿಸ್ತಿಲ್ಲ.

---

ದೃಶ್ಯಾನುಮಾನ. ಇದರಲ್ಲಿ ಚರ್ಚೆಗೇನಿದೆ? ಹೊಗೆ ಕಂಡು ಬೆಂಕಿ ಇದೆ ಅಂತ ತಿಳಿಯೋದು ಅನುಮಾನ, ನ್ಯಾಯದರ್ಶನದ ತರ್ಕಶಾಸ್ತ್ರದವರು ತಿಳಿಯೋ ದಾರಿಗಳಲ್ಲಿ ಪ್ರತ್ಯಕ್ಷದ (ನೇರವಾಗಿ ಕಾಣೋದರ) ನಂತರ ಅದನ್ನೇ ಇಟ್ಟಿರೋದು. ಸಿದ್ಧ ಪದ ಇರುವಾಗ ಹೊಸದು ಕಟ್ಟೋ ಚಟ ಬೇಡ.

---

ಅನುಮಾನ ಅಂದ್ರೆ ಕನ್ನಡದಲ್ಲಿ ಸಂಶಯ, ಅಷ್ಟೇ. 'ಯಂತ್ರ ಅನುಮಾನ ಪಡೋದನ್ನ ಕಲಿಯುತ್ತೆ' ಅಂತ ಓದ್ಕೋತಾರೆ ಜನ.

ಅದಿರ್ಲಿ, ನರಜಾಲವೇ ಸರಿ ಇಲ್ಲ. ನರ ನಮ್ಮದು, ತಮಿಳಿನ ನರಂಬು ಇದೇ. ಜಾಲ ಸಂಸ್ಕೃತದ್ದು. ಅಪ್ಪಟ ಅರಿಸಮಾಸ. ಪೂರ್ತಿ ಸಂಸ್ಕೃತ ಅಂತ ಓದಿದ್ರೆ ಮನುಷ್ಯರ ಬಲೆ ಅಂತಾಗುತ್ತೆ. ನರಬಲೆ ಅನ್ನಿ. ಇನ್ನು ರೀಸನಿಂಗಿಗೆ ಎಣಿಕೆ. ಎಣಿಸು ಅಂದ್ರೆ ಲೆಕ್ಕ ಮಾಡು, ಅಂದುಕೊಳ್ಳು ಎರಡೂ, ತಮಿಳಿನ ಎಣ್‌ಗೂ ಸಂಖ್ಯೆ, ಯೋಚನೆ ಎರಡೂ ಅರ್ಥ ಇದೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಕೆಲಸವೂ ಇದೆಯಲ್ಲ. ಇಷ್ಟು ಚೆಂದದ ಬೇರು ಮನೆಯಲ್ಲೇ ಇರುವಾಗ ಸಾಲ ಯಾಕೆ ತರ್ಬೇಕು?

---

ಎಣಿಕೆ ಬಗ್ಗೆ ಹೇಳಿದ್ದು ನಿಜಕ್ಕೂ ಚೆನ್ನಾಗಿದೆ ಸರ್, ಆದ್ರೆ ಫಲಕದ ಮುಂದೆ ನಿಂತ ಹುಡುಗಿ 'ಎಣಿಕೆ ಕಲಿಯುತ್ತೆ' ಅಂತ ಓದಿದ್ರೆ ಒಂದು ಎರಡು ಮೂರು ಅಂತಲೇ ತಿಳ್ಕೋತಾಳೆ. ಬೇರು ಹಿಡಿದು ಅರ್ಥ ಮಾಡ್ಕೊಳ್ಳಲ್ಲ ಯಾರೂ. ಮೊದಲು ಅಲ್ಲಿ ನಡೆಯೋದೇನು ಅಂತ ನೋಡೋಣ. 2015ರಲ್ಲಿ ವಿಕ್ಯೂಎ ಅಂತ ಒಂದು ದತ್ತಾಂಶ ಬಂತು, ಫೋಟೋ ಮತ್ತು ಅದರ ಬಗ್ಗೆ ಪ್ರಶ್ನೆಗಳು. ಅದರಲ್ಲಿ 'ಇಂಥದ್ದು ಕಾಣ್ತಿದೆಯಾ' ಅಂತ ಶುರುವಾಗೋ ಪ್ರಶ್ನೆಗೆ ಫೋಟೋನೇ ನೋಡದೆ 'ಹೌದು' ಅಂದ್ರೂ ಶೇಕಡ 87ರಷ್ಟು ಸರಿ ಬರ್ತಿತ್ತು. ಅದು ಬರೀ ಊಹೆ. ಈ ಥರ ಅಡ್ಡದಾರಿ ಹಿಡಿಯೋಕೆ ಆಗ್ಬಾರ್ದು ಅಂತಲೇ ಕ್ಲೆವರ್ ಚಿತ್ರಗಳನ್ನ ಕಂಪ್ಯೂಟರಲ್ಲೇ ರಚಿಸಿದ್ದು, ಮೂರು ಆಕಾರ, ಎರಡು ಗಾತ್ರ, ಯಾವುದರಿಂದ ಮಾಡಿದ್ದು ಅನ್ನೋದರಲ್ಲಿ ಎರಡು ಬಗೆ, ಎಂಟು ಬಣ್ಣ ಅಷ್ಟೇ, ಹಾಗಾಗಿ ಉತ್ತರ ಬೇಕಂದ್ರೆ ನೋಡಲೇಬೇಕು.

2017ರಲ್ಲಿ ಗೂಗಲ್‌ನ ಎಐ ಸಂಸ್ಥೆ ಡೀಪ್‌ಮೈಂಡ್‌ನವರು ಮಾಡಿದ ರಿಲೇಶನ್ ನೆಟ್‌ವರ್ಕ್ ಅನ್ನೋ ನರಜಾಲ ಹೇಗೆ ನೋಡುತ್ತೆ ಅಂದ್ರೆ, ಚಿತ್ರ ಕೊನೆಗೆ 8×8 ಚೌಕಗಳಾಗುತ್ತೆ, 64 ಮನೆ ಅನ್ನಿ, ಪ್ರತಿ ಮನೆಯನ್ನೂ ಪ್ರತಿ ಮನೆ ಜೊತೆ ಜೋಡಿ ಮಾಡಿ, 4096 ಜೋಡಿ ಆಯ್ತಾ, ಪ್ರತಿ ಜೋಡಿಗೂ ಪ್ರಶ್ನೆಯನ್ನ ಅಂಟಿಸಿ ಒಂದೇ ಪುಟ್ಟ ಜಾಲದೊಳಗೆ ಹಾಯಿಸಿ ಬಂದದ್ದೆಲ್ಲ ಕೂಡಿಸಿ ಉತ್ತರ ತೆಗೆಯೋದು. ಕ್ಲೆವರ್‌ನಲ್ಲಿ ಶೇಕಡ 95.5 ಸರಿ, ಮನುಷ್ಯರದ್ದು 92.6. 'ಎಡ' ಅಂದ್ರೇನು ಅಂತ ಯಾರೂ ಹೇಳ್ಕೊಟ್ಟಿಲ್ಲ, ಉತ್ತರ ತಪ್ಪಾದಾಗೆಲ್ಲ ಒಳಗಿನ ತೂಕಗಳನ್ನ, ಅಂದ್ರೆ ಜಾಲದೊಳಗಿನ ಸಂಖ್ಯೆಗಳನ್ನ, ಚೂರು ಚೂರು ತಿದ್ದಿ ತಿದ್ದಿ ಬಂದದ್ದು. ಇಲ್ಲಿ ವಾದ ಇಲ್ಲ, ಪ್ರಮಾಣ ಇಲ್ಲ, ಹೊಗೆ ಕಂಡು ಕಾಣದ ಬೆಂಕಿ ತಿಳಿಯೋದೂ ಇಲ್ಲ. ಎಲ್ಲವೂ ಕಣ್ಣೆದುರೇ ಇದೆ, ಒಂದಕ್ಕೊಂದು ತಾಳೆ ನೋಡ್ಬೇಕು ಅಷ್ಟೇ. ತಾಳೆ ನೋಡೋದು ಅನ್ನಿ.

---

> ತಾಳೆ ನೋಡೋದು ಅನ್ನಿ.

ಲೆಕ್ಕದ ಪುಸ್ತಕ ತಾಳೆ ನೋಡ್ತಾರೆ. ಇದು ಪರಿಭಾಷೆ ಅಲ್ಲ. ಪರಿಭಾಷೆಗೆ ನಾಮಪದ ಬೇಕು, ಸಮಾಸ ಆಗ್ಬೇಕು, ಅದಕ್ಕೆ ಸಂಸ್ಕೃತವೇ ಗತಿ, ಒಪ್ಕೊಳ್ಳಿ.

---

ಸಂಸ್ಕೃತವೇ ಗತಿ ಅನ್ನೋರು ಬಸ್ಸು, ಪೆನ್ನು, ಫೋನು ದಿನಾ ಬಳಸ್ತಾರೆ. ಸಾಲ ತರೋದೇ ಆದ್ರೆ ರೀಸನಿಂಗ್ ಅಂತಲೇ ಬರೀರಿ, ಅದಾದ್ರೂ ಓದೋರಿಗೆ ಗೊತ್ತು.

---

ಎಲ್ಲರಿಗೂ ಥ್ಯಾಂಕ್ಸ್. ಸಾಲದ ಜಗಳಕ್ಕೆ ನನಗೆ ಟೈಮಿಲ್ಲ. ತಾಳೆ ನೋಡೋದು ಅಂತ ಮೇಡಂ ಹೇಳಿದ್ಮೇಲೆ ನನಗೆ ಹೊಳೀತು, ನಾನು ನಾಮಪದ ಹುಡುಕ್ತಾ ಕೂತಿದ್ದೇ ತಪ್ಪು, ತಲೆಬರಹಕ್ಕೆ ಕ್ರಿಯಾಪದ ಸಾಕಿತ್ತು. ಹೀಗೆ ಕಳಿಸ್ತಾ ಇದೀನಿ: 'ಊಹಿಸದೆ, ತಾಳೆ ನೋಡಿ ಹೇಳು: ನರಜಾಲ ಚಿತ್ರವನ್ನು ಅರಿಯುವ ಬಗೆ'. ನರಜಾಲ ಹಾಗೇ ಇರುತ್ತೆ ಸರ್, ಒಳಗಿನ ಹನ್ನೊಂದು ಫಲಕದಲ್ಲೂ ಅದೇ ಹೋಗಿಬಿಟ್ಟಿದೆ. 'ಅರಿಯುವ' ಅನ್ನೋದು ಯಂತ್ರಕ್ಕೆ ಜಾಸ್ತಿ ಆಯ್ತು ಅನ್ಸಿದ್ರೆ ನಾಳೆ ಮಧ್ಯಾಹ್ನದೊಳಗೆ ಹೇಳಿ.