ಕಿಟಕಿಯ ಸನ್ ಫಿಲ್ಮ್ ಒಳಗೆ ಗುಳ್ಳೆ: ಕಾಯಲೇ, ಬದಲಿಸಲೇ?

ಕಲಬುರಗಿಯಲ್ಲಿ ನಮ್ಮ ಮನೆ. ಪಡುವಣ ಕಿಟಕಿಯ ಬಿಸಿಲು ನೇರ ಅಮ್ಮನ ಮಂಚದ ಮೇಲೆ ಬೀಳುತ್ತಿತ್ತು. ಅವರಿಗಾಗಿಯೇ ಒಂಬತ್ತು ದಿನದ ಹಿಂದೆ ಗಾಜಿನ ಒಳಬದಿಗೆ ಸನ್ ಫಿಲ್ಮ್ ಹಾಕಿಸಿದೆ. ಝಳ ಇಳಿದಿದೆ, ಅದೇ ದೊಡ್ಡ ನೆಮ್ಮದಿ. ಆದರೆ ಗಾಜು ಮಂಜು ಕವಿದಂತಿದೆ, ಅಲ್ಲಲ್ಲಿ ನೀರಿನ ಗುಳ್ಳೆಗಳು. ಸೋಪಿನ ನೀರು ಹಾಕಿ ಅಂಟಿಸಿದ್ದು, ಒಣಗಲು 30 ದಿನ ಬೇಕು, ಅಲ್ಲಿಯವರೆಗೆ ಒರೆಸಬೇಡಿ ಎಂದಿದ್ದಾರೆ ಅಂಟಿಸಿದವರು. ಮುಟ್ಟದೆ ಬಿಟ್ಟಿದ್ದೇನೆ, ಹೆಚ್ಚಿನವು ಕುಗ್ಗಿವೆ. ಮೂಲೆಯಲ್ಲಿ ಹುಣಸೆ ಬೀಜದಷ್ಟಿರುವ ಒಂದು ಮಾತ್ರ ಹಾಗೇ ಇದೆ. ಮೆಲ್ಲಗೆ ಬೆರಳಿಟ್ಟರೆ ನಡುವೆ ಮರಳಿನ ಕಣದಂತೆ ಗಟ್ಟಿಯಾಗಿ ತಾಗುತ್ತದೆ. ಸೂಜಿಯಿಂದ ಚುಚ್ಚಲು ಧೈರ್ಯವಿಲ್ಲ. ಹಾಕಿಸಿಕೊಂಡವರು ದಯವಿಟ್ಟು ತಿಳಿಸಿ: ಇದು ಒಣಗುವ ನೀರೋ, ಸಿಕ್ಕಿಕೊಂಡ ಧೂಳೋ? ತಿಂಗಳು ತುಂಬುವವರೆಗೆ ಕಾಯಲೇ, ಈಗಲೇ ಆ ಹಾಳೆ ಬದಲಿಸಿಕೊಡಲು ಕೇಳಲೇ?